ಸಂಜೆ ಆರಕ್ಕೆ, ಎಲ್ಲರಿಗೂ ಸ್ವಾಗತ

ನಮ್ಮೂರಿನ ಬೇಸಿಗೆ ಗಂಡುಮಕ್ಕಳದಾಗಿತ್ತು. ಏಪ್ರಿಲ್ 10ಕ್ಕೆ ಶಾಲೆಯಲ್ಲಿ ರಿಸಲ್ಟ್ ಓದಿ ಹೇಳಿದ ಮಧ್ಯಾಹ್ನವೇ ನನ್ನ ಅಣ್ಣ ಅಂಗಿ ಬಿಚ್ಚಿ ಗೂಟಕ್ಕೆ ಸಿಗಿಸಿ ಬಾವಿಯ ಕಡೆ ಓಡುತ್ತಿದ್ದ. ಆ ಅಂಗಿ ಗೂಟದಿಂದ ಇಳಿಯುತ್ತಿದ್ದುದು ಮಳೆಗಾಲಕ್ಕೆ ಶಾಲೆ ತೆರೆದಾಗ. ಉಪ್ಪಿನಬೆಟಗೇರಿಯ ಸುತ್ತ ಎರೆಹೊಲ. ಕಡಲೆ, ಜೋಳ, ಕುಸುಬೆಯ ರಾಶಿ ಮುಗಿದ ಮೇಲೆ ಆ ನೆಲ ಬಾಯಿಬಿಟ್ಟು ಬಿರಿಯುತ್ತಿತ್ತು. ಬಿರುಕಿನಲ್ಲಿ ಕೈ ಹಾಕಿದರೆ ಮೊಣಕೈತನಕ ಇಳಿಯುತ್ತಿತ್ತು. ಹೊಲದಲ್ಲಿ ಮಾಡುವುದೇನೂ ಇಲ್ಲದ ಆ ಎರಡು ತಿಂಗಳು ಊರಿಗೆ ಊರೇ ಆಟಕ್ಕೆ ನಿಲ್ಲುತ್ತಿತ್ತು. ಹುಡುಗರಿಗೆ ಚಿಣಿಫಣಿ, ಬುಗುರಿ, ಲಗೋರಿ. ಹರೆಯದವರಿಗೆ ಗರಡಿಮನೆ, ಕಬಡ್ಡಿ, ಗುಂಡುಕಲ್ಲು ಎತ್ತುವುದು. ಎತ್ತುಗಳಿಗೂ ಆಟವಿತ್ತು, ತೆರಬಂಡಿ. ಸಂಜೆಯಾದರೆ ಗುಡಿಯ ಕಟ್ಟೆಯ ಮೇಲೆ ನಾಟಕದ ತಾಲೀಮು.

ಹೆಣ್ಣುಮಕ್ಕಳಿಗೆ ಬೇಸಿಗೆ ಎಂದರೆ ಮಾಳಿಗೆ. ಬೆಳಿಗ್ಗೆ ಅವ್ವ, ಅಜ್ಜಿ, ಓಣಿಯ ನಾಲ್ಕು ಮಂದಿ ಕೂಡಿ ಶಾವಿಗೆ ಹೊಸೆಯುತ್ತಿದ್ದರು. ಹಪ್ಪಳ, ಸಂಡಿಗೆ, ಕುರಡಗಿ ಒಣಹಾಕಿದ ಮೇಲೆ ಕಾಗೆ ಓಡಿಸಲು ಒಂದು ಕೋಲು ಕೊಟ್ಟು ನನ್ನನ್ನು ಮಾಳಿಗೆಗೆ ಹತ್ತಿಸುತ್ತಿದ್ದರು. ಬೆಳಕಿಂಡಿಯ ಪಕ್ಕದ ಗೋಡೆಯ ನೆರಳಿನಲ್ಲಿ ಕೂತರೆ ಅರ್ಧ ಊರು ಕಾಣುತ್ತಿತ್ತು. ಜಾತ್ರೆಯ ಕುಸ್ತಿಯನ್ನು ನಾನು ನೋಡಿದ್ದೆಲ್ಲ ಅಲ್ಲಿಂದಲೇ. ಮಟ್ಟಿಯ ಹತ್ತಿರ ಹೆಣ್ಣುಮಕ್ಕಳು ಹೋಗುವಂತಿರಲಿಲ್ಲ. ಮಾಳಿಗೆಗೂ ಮಟ್ಟಿಗೂ ಎಷ್ಟು ದೂರವೆಂದರೆ, ಪೈಲವಾನ ತೊಡೆ ತಟ್ಟಿದ್ದು ಮೊದಲು ಕಾಣುತ್ತಿತ್ತು, ಸಪ್ಪಳ ಆಮೇಲೆ ಬರುತ್ತಿತ್ತು. ಗೆದ್ದವನಿಗೆ ಬೆಳ್ಳಿಕಡಗ ತೊಡಿಸುವಾಗ ಬಿಸಿಲಿಗೆ ಅದು ಒಮ್ಮೆ ಫಳಕ್ಕೆಂದು ಹೊಳೆಯುತ್ತಿತ್ತು. ಆ ಹೊಳಪು ಇವತ್ತಿಗೂ ನನ್ನ ಕಣ್ಣಿನಲ್ಲಿದೆ.

ಜಾತ್ರೆಗೆ ಒಂದು ನಾಟಕ ಆಗಲೇಬೇಕು. ನಮ್ಮ ಕಡೆ ಅದು ಹಳೆಯ ರೂಢಿ. ‘ಸಂಗ್ಯಾ ಬಾಳ್ಯಾ’ ಸಣ್ಣಾಟದ ಕತೆ ನಡೆದ ಬೈಲಹೊಂಗಲ ನಮ್ಮೂರಿಗೆ ದೂರವಲ್ಲ. ಬೈಲವಾಡದ ಪತ್ತಾರ ಮಾಸ್ತರರು ಆ ಕೊಲೆಯ ಕತೆಯನ್ನು ಆಟ ಮಾಡಿದ ಮೇಲೆ, ಈ ಸೀಮೆಯ ಯಾವ ಊರಿನಲ್ಲೂ ಅದರ ಹಾಡು ಬಾರದ ಮುದುಕರು ಸಿಕ್ಕುತ್ತಿರಲಿಲ್ಲ. ನಾನು ಸಣ್ಣವಳಾಗಿದ್ದಾಗ ಸಣ್ಣಾಟದ ಜಾಗಕ್ಕೆ ಸಾಮಾಜಿಕ ನಾಟಕ ಬಂದಿತ್ತು. ಊರಿನ ಒಕ್ಕಲುಮಕ್ಕಳೇ ವಂತಿಗೆ ಹಾಕಿ ಪಾತ್ರ ತೆಗೆದುಕೊಂಡು, ಎರಡು ತಿಂಗಳು ಪೇಟಿ ಮಾಸ್ತರರ ಮುಂದೆ ಕೂತು ಮಾತು ಗಟ್ಟಿ ಮಾಡುತ್ತಿದ್ದರು. ಹೆಣ್ಣು ಪಾತ್ರಕ್ಕೆ ಮಾತ್ರ ಗದಗ, ಹುಬ್ಬಳ್ಳಿ ಕಡೆಯಿಂದ ಕಲಾವಿದೆಯರು ಹಿಂದಿನ ದಿನ ಬಂದು ಇಳಿಯುತ್ತಿದ್ದರು. ನಾಟಕ ರಾತ್ರಿ ಹನ್ನೊಂದಕ್ಕೆ ಶುರುವಾದರೆ ಬೆಳ್ಳಿಚುಕ್ಕಿ ಮೂಡುವತನಕ. ಹೆಂಗಸರು ಹಿಂದೆ, ಚಕ್ಕಡಿಗಳ ಮೇಲೆ. ಅವ್ವ ಯಾವ ನಾಟಕವನ್ನೂ ಕಡೆಯತನಕ ನೋಡಿದವಳಲ್ಲ. ಒಮ್ಮೆ ಕೂಸು ಅಳುತ್ತದೆ, ಒಮ್ಮೆ ಎಮ್ಮೆ ಹಿಂಡುವ ಹೊತ್ತಾಗುತ್ತದೆ. ಕತೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ಅವಳು ಸೆರಗು ಕೊಡವಿಕೊಂಡು ಏಳುತ್ತಿದ್ದಳು.

1986ರ ಜಾತ್ರೆಯ ನಾಟಕಕ್ಕೆ ಗದಗಿನಿಂದ ಬಂದ ಕಲಾವಿದೆಗೆ ನಮ್ಮ ಪಡಸಾಲೆಯಲ್ಲಿ ಇಳಿದುಕೊಳ್ಳಲು ಹೇಳಿದ್ದರು. ನನಗಾಗ ಹನ್ನೆರಡು ವರ್ಷ. ನಾಟಕ ಮುಗಿದ ಬೆಳಿಗ್ಗೆ ಆಕೆ ಹಿತ್ತಲ ಕಟ್ಟೆಯ ಮೇಲೆ ಕೂತು ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಮುಖಕ್ಕೆ ತಿಕ್ಕುತ್ತಿದ್ದಳು. ರಾತ್ರಿ ಗುಲಾಬಿಯಾಗಿದ್ದ ಮುಖ ಮೊದಲು ಜಿಡ್ಡುಜಿಡ್ಡಾಗಿ ಕಲಸಿಹೋಯಿತು. ಹಳೆಯ ಧೋತರದ ತುಂಡಿನಿಂದ ಒರೆಸಿದಳು. ತುಂಡಿನ ಮೇಲೆ ಹುಬ್ಬಿನ ಕಪ್ಪು, ತುಟಿಯ ಕೆಂಪು, ಕೆನ್ನೆಯ ಬಣ್ಣ ಒಂದರ ಪಕ್ಕ ಒಂದು ಮೂಡಿದವು. ಎರಡನೆಯ ಸಲ ಒರೆಸಿದಾಗ ನಮ್ಮ ಓಣಿಯ ಯಾರದೋ ಅಕ್ಕನಂಥ, ನಿದ್ದೆಗೆಟ್ಟ, ಕಪ್ಪು ಚೆಲುವಿನ ಮುಖ ಹೊರಬಂತು. ಓಣಿಯ ಹೆಂಗಸರು ಬಾಗಿಲ ಸಂದಿಯಿಂದ ಇಣುಕಿ ಹೋದರು. ಯಾರೂ ಹತ್ತಿರ ಬಂದು ಕೂಡಲಿಲ್ಲ. ಅವ್ವ ಮಾತ್ರ ನಾವು ಕುಡಿಯುವ ಹಿತ್ತಾಳೆ ವಾಟಗದಲ್ಲೇ ಚಹಾ ಕೊಟ್ಟು, ಅಡುಗೆಮನೆಗೆ ಕರೆದಳು.

ರೊಟ್ಟಿ ಬಡಿಯುತ್ತ ಅವ್ವ ತಲೆ ಎತ್ತದೆ ಕೇಳಿದಳು: “ಮುಂದ ಏನಾತ್ರಿ? ನಾ ನಡುವ ಎದ್ದು ಬಂದೆ.”

“ಹೇಳಿದ್ರ ಏನ್ ಚಂದ ಅವ್ವಾರ, ಮಾಡಿ ತೋರಸ್ತೇನಿ ತಡೀರಿ” ಎಂದಳು ಆಕೆ.

ಒಲೆಗೂ ಬೀಸುಕಲ್ಲಿಗೂ ನಡುವಿನ ನಾಲ್ಕು ಮೊಳ ಜಾಗದಲ್ಲಿ ನಿಂತು ಆಕೆ ಕೊನೆಯ ದೃಶ್ಯವನ್ನು ಮಾಡಿದಳು. ಪಡಸಾಲೆಯಲ್ಲಿ ಗಂಡಸರು ಮಲಗಿದ್ದರಿಂದ ದನಿ ಏರಿಸುವಂತಿರಲಿಲ್ಲ. ಅಣ್ಣನ ಮಾತು, ತಮ್ಮನ ಮಾತು, ತನ್ನ ಮಾತು ಮೂರನ್ನೂ ಪಿಸುದನಿಯಲ್ಲೇ ಆಡಿದಳು. ಅಣ್ಣನಾದಾಗ ಹೆಗಲು ಅಗಲವಾಗುತ್ತಿತ್ತು, ತಮ್ಮನಾದಾಗ ಕತ್ತು ಕುಗ್ಗುತ್ತಿತ್ತು. ಅವ್ವನ ಕೈ ಹಿಟ್ಟಿನ ಮೇಲೆ ಹಾಗೇ ನಿಂತುಬಿಟ್ಟಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆಯೆದ್ದಿತು. ನನ್ನ ನೆನಪಿನಲ್ಲಿ ಅವ್ವ ಸೀಯಿಸಿದ ರೊಟ್ಟಿ ಅದೊಂದೇ.

ಬಸ್ಸಿಗೆ ಹೋಗುವಾಗ ಆಕೆಯ ಟ್ರಂಕಿನ ಒಂದು ಕಡೆ ನಾನು ಹಿಡಿದಿದ್ದೆ. ‘ಅಕ್ಕಾರ, ನಾಟಕ ಮತ್ತೆಲ್ಲಿ ನೋಡಾಕ ಸಿಗತಾವರಿ’ ಎಂದು ಕೇಳಿದ್ದಕ್ಕೆ ಆಕೆ ಹೇಳಿದಳು: “ಧಾರವಾಡಕ್ಕ ಹೋಗು ತಂಗಿ. ಅಲ್ಲೆ ಸಂಜೀಮುಂದ ಎಲ್ಲೆರ ಒಂದು ಇದ್ದ ಇರತೈತಿ. ರೊಕ್ಕಾ ಕೇಳೂದಿಲ್ಲ. ಹೋಗಿ ಕುಂದರೂದು.”

ಹೋಗಿ ಕುಂದರೂದು. ಆ ಮಾತು ನನ್ನ ತಲೆಯೊಳಗೆ ಒಂದು ವರ್ಷ ಕೂತಿತ್ತು. ಹೆಣ್ಣುಮಗಳೊಬ್ಬಳು ಎಲ್ಲಿಗಾದರೂ ಹೋದರೆ ಅದಕ್ಕೊಂದು ಕೆಲಸ ಇರಬೇಕು: ನೀರು, ಹಿಟ್ಟು, ಹಬ್ಬ, ಬಾಣಂತನ. ಬರೀ ಕೂತು ನೋಡಲು ಹೋಗುವುದು ಹೇಗಿರುತ್ತದೆ ಎಂದು ನನಗೆ ತಿಳಿಯಬೇಕಿತ್ತು.

ಮರುವರ್ಷದ ಸೂಟಿಗೆ ನನ್ನನ್ನು ಧಾರವಾಡದ ಚಿಗವ್ವನ ಮನೆಗೆ ಕಳಿಸಿದರು. ಅದಕ್ಕೂ ಒಂದು ಕೆಲಸದ ನೆಪವಿತ್ತು, ಚಿಗವ್ವನಿಗೆ ಕೂಸಾಗಿತ್ತು. ನಮ್ಮೂರಿಂದ ಧಾರವಾಡ 20 ಕಿಲೋಮೀಟರ್ ಆಸುಪಾಸು. ಆ ಬಸ್ಸು ಎಲ್ಲಿ ಕೈ ಮಾಡಿದರೆ ಅಲ್ಲಿ ನಿಂತು, ಮಾವಿನ ಬುಟ್ಟಿ, ಮೆಣಸಿನಕಾಯಿ ಚೀಲ, ಬೀಗರ ಗಂಟು ಎಲ್ಲವನ್ನೂ ತುಂಬಿಕೊಂಡು ಒಂದೂವರೆ ತಾಸಿಗೆ ಮುಟ್ಟುತ್ತಿತ್ತು. ಚಿಗವ್ವನ ಮನೆ ಮದಿಹಾಳದಲ್ಲಿ. ಕಾಕಾ ಕೋರ್ಟಿನಲ್ಲಿ ಕಾರಕೂನ. ಸೈಕಲ್ ಇದ್ದರೂ ನಡೆದೇ ಹೋಗುವ ಮನುಷ್ಯ. ಸೈಕಲ್ ಮೇಲಿದ್ದರೆ ಗೋಡೆ ಓದಲು ಆಗುವುದಿಲ್ಲ ಎನ್ನುತ್ತಿದ್ದರು.

ಗೋಡೆ ಓದುವುದು ಎಂದರೇನೆಂದು ನಾಲ್ಕು ದಿನದಲ್ಲಿ ಗೊತ್ತಾಯಿತು. ಊರಲ್ಲಿ ಇವತ್ತು ಏನು ನಡೆದಿದೆ ಎಂದು ತಿಳಿಯಲು ಕಾಕಾನಿಗೆ ಮೂರು ದಾರಿ. ಒಂದು, ಬೆಳಗಿನ ಪೇಪರಿನ ಒಳಪುಟದಲ್ಲಿ ಸಣ್ಣಕ್ಷರದಲ್ಲಿ ಬರುವ ಇಂದಿನ ಕಾರ್ಯಕ್ರಮಗಳು. ಎರಡು, ಕೋರ್ಟಿನಿಂದ ಬರುವ ದಾರಿಯಲ್ಲಿ ಸಭಾಭವನಗಳ ಮುಂದಿನ ಕರಿಹಲಗೆ. ಅದರ ಮೇಲೆ ಸೀಮೆಸುಣ್ಣದಲ್ಲಿ ಹೊತ್ತು, ವಿಷಯ, ಬರುವವರ ಹೆಸರು, ಕಡೆಯ ಸಾಲಿನಲ್ಲಿ ‘ಎಲ್ಲರಿಗೂ ಸ್ವಾಗತ’. ಮೂರನೆಯದು ಚಹಾದಂಗಡಿ. ಹಲಗೆಯಲ್ಲಿ ಬರೆಯದ ಬೈಠಕ್ಕು, ಯಾರದೋ ಮನೆಯ ಪಡಸಾಲೆಯ ಕಾವ್ಯವಾಚನ, ನಾಟಕದವರ ತಾಲೀಮು ಎಲ್ಲ ಅಲ್ಲಿ ಬಾಯಿಂದ ಬಾಯಿಗೆ ಸಿಗುತ್ತಿತ್ತು. ಇವನ್ನೆಲ್ಲ ಕಾಕಾ ಕಿಸೆಯ ಪುಟ್ಟ ಡೈರಿಯಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿಕೊಳ್ಳುತ್ತಿದ್ದರು. ಕೂಸು ಮಲಗಿದ ಐದೂವರೆಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು “ನಡಿ ಯವ್ವಾ, ನೋಡಿ ಬರೂಣು” ಎನ್ನುವರು. ಬರುತ್ತೀಯಾ ಎಂದು ಒಂದು ದಿನವೂ ಕೇಳಲಿಲ್ಲ. ನಾನು ಬರುವವಳೇ ಎಂದು ಅವರು ಹಿಡಿದದ್ದಕ್ಕೆ ಈಗಲೂ ಅವರಿಗೆ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ.

ಮೊದಲ ಸಂಜೆ ಕರ್ನಾಟಕ ವಿದ್ಯಾವರ್ಧಕ ಸಂಘ. ಅದು 1890ರ ಜುಲೈ 20ರಂದು ರಾ.ಹ. ದೇಶಪಾಂಡೆಯವರು ಕಟ್ಟಿದ ಸಂಸ್ಥೆ, ಮುಂಬೈ ಆಡಳಿತದಡಿ ಮರಾಠಿಯ ನೆರಳಿನಲ್ಲಿ ಮಂಕಾಗಿದ್ದ ಕನ್ನಡಕ್ಕೆ ಇಲ್ಲಿ ಮೊದಲ ಮನೆ ಎಂಬುದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ಅದರ ಅಧ್ಯಕ್ಷರಾಗಿದ್ದವರು ಪಾಟೀಲ ಪುಟ್ಟಪ್ಪನವರು. ಅವತ್ತು ನನಗೆ ಕಂಡದ್ದು ಎತ್ತರದ ಮೆಟ್ಟಿಲು, ಒಳಗೆ ಸಾಲುಸಾಲು ಕುರ್ಚಿ. ಬಾಗಿಲಲ್ಲಿ ಯಾರಾದರೂ ಯಾರ ಮಗಳು, ಯಾವ ಊರು ಎಂದು ಕೇಳುತ್ತಾರೆ ಎಂದುಕೊಂಡು ಮನಸ್ಸಿನಲ್ಲೇ ಉತ್ತರ ಹೊಂದಿಸಿಕೊಂಡಿದ್ದೆ. ಯಾರೂ ಕೇಳಲಿಲ್ಲ. ಕಡೆಯ ಸಾಲಿನಲ್ಲಿ ಕೂತೆ.

ಅವತ್ತಿನ ನಾಟಕದ ಕತೆ ಅರ್ಧ ಮರೆತಿದೆ. ಮರೆಯದೆ ಉಳಿದದ್ದು ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು. ಐವತ್ತರ ವಯಸ್ಸು, ಇಳಕಲ್ ಸೀರೆ, ಕನ್ನಡಕ, ತೊಡೆಯ ಮೇಲೆ ಬಟ್ಟೆಯ ಚೀಲ. ಆಕೆಯ ಜೊತೆ ಗಂಡಸಿರಲಿಲ್ಲ, ಮಕ್ಕಳಿರಲಿಲ್ಲ. ಒಬ್ಬಳೇ ಬಂದಿದ್ದಳು. ನಗುವ ಕಡೆ ಎಲ್ಲರಿಗಿಂತ ಮೊದಲು ಗಟ್ಟಿಯಾಗಿ ನಕ್ಕಳು. ನಾಟಕ ಮುಗಿದ ಮೇಲೆ ಮೇಳದವರ ಹತ್ತಿರ ಹೋಗಿ ಎರಡನೆಯ ಅಂಕ ಉದ್ದವಾಯಿತೆಂದು ಹೇಳಿ, ಚೀಲ ಹೆಗಲಿಗೇರಿಸಿ, ದೀಪದ ಕಂಬಗಳ ಕೆಳಗೆ ನಡೆದುಹೋದಳು. ಆಕೆ ಶಾಲೆಯ ಮಾಸ್ತರಣಿಯೋ ನರ್ಸೋ ಯಾರೋ. ನಾನು ದಾರಿಯುದ್ದಕ್ಕೂ ಕಾಕಾನ ಮಾತು ಕೇಳಿಸಿಕೊಳ್ಳದೆ ಆಕೆಯ ನಡಿಗೆಯನ್ನೇ ನೆನೆಯುತ್ತಿದ್ದೆ.

ಆಮೇಲಿನ ನಾಲ್ಕು ಬೇಸಿಗೆಗಳು ನನ್ನಲ್ಲಿ ಒಂದಕ್ಕೊಂದು ಬೆರೆತುಹೋಗಿವೆ. ಬಣ್ಣದ ಚಿತ್ರಗಳನ್ನು ಗೋಡೆಗೆ ನೇತುಹಾಕಿದ ತಂಪು ಕೋಣೆಗಳು. ಸಾಧನಕೇರಿಯ ದಂಡೆ, ಬೇಂದ್ರೆಯವರು 1981ರಲ್ಲೇ ತೀರಿಕೊಂಡಿದ್ದರು, ಆದರೂ ಕಾಕಾ ಅವರ ಮನೆಯ ಮುಂದೆ ಬಂದಾಗ ಚಪ್ಪಲಿಯ ಸಪ್ಪಳ ಕಡಿಮೆ ಮಾಡಿ ನಡೆಯುತ್ತಿದ್ದರು. ಸುಭಾಸ ರಸ್ತೆಯಲ್ಲಿ ಮನೋಹರ ಗ್ರಂಥಮಾಲೆಯ ಅಟ್ಟ. 1933ರಲ್ಲಿ ಜಿ.ಬಿ. ಜೋಶಿಯವರು ಶುರು ಮಾಡಿದ ಪ್ರಕಾಶನ ಅದು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ ಪುಸ್ತಕವಾಗಿ ಹೊರಬಂದದ್ದು ಅಲ್ಲಿಂದಲೇ. ನಾನು ಅಟ್ಟ ಹತ್ತಿದ್ದು ಒಂದೇ ಸಲ, ಕಾಕಾ ಪುಸ್ತಕ ಕೊಳ್ಳಲು ಹೋದಾಗ. ಹೊಸ ಕಾಗದದ ವಾಸನೆ, ಕಿಟಕಿಯಿಂದ ಕೆಳಗೆ ಮಾರ್ಕೆಟ್ಟಿನ ಗದ್ದಲ. ಕಾರ್ಯಕ್ರಮ ಮುಗಿದ ಮೇಲೆ ಒಂದು ಪೊಟ್ಟಣ ಗಿರಮಿಟ್ಟು, ಎರಡು ಮಿರ್ಚಿ, ಮನೆಗೆ ಹೋಗುವ ತನಕ ವಾದ. ಕಾಕಾ ನನ್ನ ಅಭಿಪ್ರಾಯ ಕೇಳುತ್ತಿದ್ದರು. ಅದು ನನಗೆ ಗಿರಮಿಟ್ಟಿಗಿಂತ ರುಚಿಯಾಗಿತ್ತು.

ಸಂಗೀತ ಮಾತ್ರ ನನಗೆ ತಡವಾಗಿ ದಕ್ಕಿತು. ಮೊದಲ ಕಛೇರಿಯಲ್ಲಿ ತಂಬೂರಿ ಕೂಡಿಸುವುದನ್ನೇ ಹಾಡು ಎಂದು ತಿಳಿದು ಕಿವಿಗೊಟ್ಟು ಕೂತಿದ್ದೆ. ಅಷ್ಟರಲ್ಲೇ ಭರಣಿ ಮಳೆ ಬಂತು. ಹಂಚಿನ ಮೇಲೆ ರಪರಪ ಬಡಿಯಿತು, ಕರೆಂಟು ಹೋಯಿತು, ಯಾರೋ ಕಂದೀಲು ತಂದಿಟ್ಟರು. ಗವಾಯಿಗಳು ಹಾಡು ನಿಲ್ಲಿಸಲಿಲ್ಲ. ಮೈಕಿಲ್ಲದ ದನಿ, ಮಳೆಯ ಸಪ್ಪಳ, ಮಣ್ಣಿನ ವಾಸನೆ ಕೂಡಿ ಕೋಣೆಯೊಳಗೆ ಬಂದವು. ಮಳೆ ನಿಂತಾಗ ಸ್ವರ ಇನ್ನೂ ನಡೆದಿತ್ತು. ಅದು ಯಾವ ರಾಗವೆಂದು ನಾನು ಕೇಳಿಕೊಳ್ಳಲಿಲ್ಲ. ಹೆಸರು ಬೇಕೆನಿಸಲಿಲ್ಲ.

ಮದಿಹಾಳದ ಮನೆಯಲ್ಲಿ ರೇಡಿಯೋ ಇತ್ತು. ಧಾರವಾಡ ಆಕಾಶವಾಣಿ 1950ರ ಜನವರಿ 8ರಂದು ಶುರುವಾದ ನಿಲಯ. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದವರು. ಅವರ ವಚನಗಾಯನ ಬಂದರೆ ಚಿಗವ್ವ ಒಗ್ಗರಣೆಯ ಬಾಣಲೆಯನ್ನು ಒಲೆಯಿಂದ ಇಳಿಸಿಬಿಡುತ್ತಿದ್ದಳು, ಚಟಪಟ ಸಪ್ಪಳಕ್ಕೆ ಒಂದು ಮಾತೂ ತಪ್ಪಬಾರದೆಂದು. ಅವರ ಕತೆಯನ್ನು ಕಾಕಾ ಹೇಳಿದ್ದು ಒಂದು ಸಂಜೆ ಮುರುಘಾಮಠದ ಕಡೆ ನಡೆಯುವಾಗ. ಧಾರವಾಡದ ಪಕ್ಕದ ಮನಸೂರು ಎಂಬ ಹಳ್ಳಿಯಲ್ಲಿ 1910ರಲ್ಲಿ ಹುಟ್ಟಿದ ಹುಡುಗ. ಎಳೆಯ ವಯಸ್ಸಿನಲ್ಲೇ ವಾಮನರಾವ್ ಮಾಸ್ತರರ ನಾಟಕ ಕಂಪನಿ ಸೇರಿದವನು. ಅಲ್ಲಿಂದ ಗುರುಗಳ ಕಣ್ಣಿಗೆ ಬಿದ್ದು ಸಂಗೀತಕ್ಕೆ ಬಂದವನು.

ಆ ಮಾತಿನಿಂದ ನನ್ನೊಳಗೆ ಏನೋ ಸರಿಯಿತು. ಸವಾಯಿ ಗಂಧರ್ವರು ಕುಂದಗೋಳದವರು, ಬಸವರಾಜ ರಾಜಗುರುಗಳು ಯಲಿವಾಳದವರು, ಕುಮಾರ ಗಂಧರ್ವರು ಸುಳೇಭಾವಿಯವರು. ಬಸವಣ್ಣನ ಪಾತ್ರಕ್ಕೆ ಹೆಸರಾಗಿ ಧಾರವಾಡದಲ್ಲಿ ಮನೆ ಮಾಡಿದ್ದ ಏಣಗಿ ಬಾಳಪ್ಪನವರು ಸವದತ್ತಿ ತಾಲ್ಲೂಕಿನ ಏಣಗಿಯವರು. ಅವರೂ ಹುಡುಗನಾಗಿ ಬಣ್ಣ ಹಚ್ಚಿದವರೇ. ಧಾರವಾಡ ತನ್ನದೆಂದು ಹೇಳಿಕೊಳ್ಳುವ ಹಾಡು, ಆಟ ಅರ್ಧಕ್ಕರ್ಧ ಹಳ್ಳಿಗಳಿಂದ ನಡೆದು ಬಂದದ್ದು. ನಮ್ಮೂರಿನ ಗುಡಿಯ ಕಟ್ಟೆಯ ಪೇಟಿ, ಒಲೆಯ ಮುಂದೆ ಪಿಸುದನಿಯಲ್ಲಿ ಮಾತಾಡಿದ ಆ ಗದಗಿನ ಅಕ್ಕ, ಈ ಸಭಾಭವನ, ಎಲ್ಲವೂ ಒಂದೇ ನೀರಿನ ಕಾಲುವೆಗಳು. ಕಡೆಯ ಸಾಲಿನಲ್ಲಿ ಹೆದರಿ ಕೂಡುವ ಕಾರಣ ನನಗೆ ಉಳಿಯಲಿಲ್ಲ. ಮರುದಿನ ನಡುವಿನ ಸಾಲಿಗೆ ಹೋಗಿ ಕೂತೆ.

ಆಟೋಟದಲ್ಲಿ ನನ್ನ ಅನುಭವ ಅಷ್ಟು ಸಲೀಸಾಗಿರಲಿಲ್ಲ. ಬೆಳಿಗ್ಗೆ ಆರಕ್ಕೆ ಕರ್ನಾಟಕ ಕಾಲೇಜಿನ ಮೈದಾನದ ಕಡೆ ಹೋದರೆ ಹುಡುಗಿಯರು ಖೋಖೋ ಆಡುವುದು, ಓಡುವುದು ಕಾಣುತ್ತಿತ್ತು. ಅವರ ಮೊಣಕಾಲಿನ ಗಾಯಗಳನ್ನು ನಾನು ಆಸೆಯಿಂದ ನೋಡುತ್ತಿದ್ದೆ. ನನಗೆ ಬೇಕಾಗಿದ್ದುದು ನೀರು. ಅಣ್ಣ ಬಾವಿಗೆ ಧುಮುಕುವುದನ್ನು ಅಷ್ಟು ವರ್ಷ ಮಾಳಿಗೆಯಿಂದ ಕೇಳಿದ್ದೆ, ನೋಡಿರಲಿಲ್ಲ. 1988ರ ಮೇ ತಿಂಗಳಲ್ಲಿ ಕಾಕಾ ನನ್ನನ್ನು ಒಂದು ಈಜುಕೊಳಕ್ಕೆ ಕರೆದುಕೊಂಡು ಹೋದರು. ಕಿಟಕಿಯೊಳಗಿನವನು ನನ್ನನ್ನು ನೋಡಿ, ಪುಸ್ತಕ ಮುಚ್ಚಿ, ಹೆಣ್ಣುಮಕ್ಕಳಿಗೆ ವೇಳೆ ಇಟ್ಟಿಲ್ಲ ಎಂದ. ಯಾವಾಗ ಇಡುತ್ತೀರಿ ಎಂದು ಕಾಕಾ ಕೇಳಿದರು. ಹತ್ತು ಮಂದಿ ಹೆಣ್ಣುಮಕ್ಕಳನ್ನು ಕರೆತಂದರೆ ನೋಡೋಣ ಎಂದ. ಒಳಗಿನಿಂದ ಹುಡುಗರ ಕೇಕೆ, ನೀರಿನ ಸಪ್ಪಳ, ಔಷಧದ ವಾಸನೆ ಬರುತ್ತಿತ್ತು. ನಾವು ಎಂಟು ದಿನ ಹುಡುಕಿದೆವು. ನನ್ನನ್ನೂ ಹಿಡಿದು ಮೂವರಾದೆವು. ಸಭಾಭವನದ ಹಲಗೆಯ ಮೇಲಿದ್ದ ‘ಎಲ್ಲರಿಗೂ’ ಎಂಬ ಮಾತು ಊರಿನ ಎಲ್ಲ ಬಾಗಿಲಿಗೂ ಅನ್ವಯಿಸುವುದಿಲ್ಲವೆಂದು ಗೊತ್ತಾದದ್ದು ಆಗ. ಆ ಸಿಟ್ಟು ಇವತ್ತಿಗೂ ನನ್ನಲ್ಲಿ ಆರಿಲ್ಲ, ಆರಬೇಕೆಂದೂ ಅನಿಸಿಲ್ಲ.

ಸೂಟಿ ಇನ್ನೂ ಹದಿನೈದು ದಿನ ಇರುವಾಗಲೇ ನಾನು ಊರಿಗೆ ಹೊರಟು ಬಂದೆ. ಅಜ್ಜ ಹೊಲದ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಹಿಂದೆ ಎಂದೂ ಕೇಳದ ಮಾತನ್ನು ಕೇಳಿದೆ: “ಯಜ್ಜಾ, ನನಗ ಈಸು ಕಲಿಸತಿಯೇನು?”

ಅಜ್ಜ ಹಗ್ಗದಿಂದ ಕಣ್ಣು ತೆಗೆಯಲಿಲ್ಲ. “ಇಷ್ಟ ದಿನ ಯಾಕ ಕೇಳಲಿಲ್ಲ?” ಎಂದ.

ಮರುದಿನ ಬೆಳಗಿನ ಐದಕ್ಕೆ ನಮ್ಮ ಹೊಲದ ಬಾವಿ. ಅಣ್ಣನ ಹಳೆಯ ಚೊಣ್ಣ, ಮೇಲೆ ಅಪ್ಪನ ಹರಕು ಅಂಗಿ. ಅಜ್ಜ ಬೆಂಡಿನ ಕಟ್ಟನ್ನು ನನ್ನ ಬೆನ್ನಿಗೆ ಬಿಗಿದು, ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಮುಂಗೈಗೆ ಸುತ್ತಿಕೊಂಡ. ಬೇಸಿಗೆಯಲ್ಲಿ ನೀರು ತಳ ಹಿಡಿದಿರುತ್ತದೆ. ಪಾವಟಿಗೆಗಳು ಬಹಳ ಕೆಳಗಿನತನಕ ಬರಿದಾಗಿದ್ದವು. ಕಲ್ಲಿನ ಸಂದಿಯಲ್ಲಿ ಗುಬ್ಬಿಗಳ ಗೂಡು. ಕೆಳಗೆ ಇಳಿದಂತೆ ಬಿಸಿಲುಗಾಲವೇ ಮೇಲೆ ಉಳಿದುಬಿಟ್ಟಿತು. ಕಡೆಯ ಮೆಟ್ಟಿಲಲ್ಲಿ ಕಾಲು ನೀರಿಗೆ ತಾಗಿದಾಗ ಮೈಯೆಲ್ಲ ಜುಮ್ಮೆಂದಿತು. “ಕೈ ಕಾಲು ಬಡಿ, ಉಸಿರು ಬಿಡಬ್ಯಾಡ” ಎಂದು ಅಜ್ಜನ ದನಿ ಬಾವಿಯ ಗೋಡೆಗೆಲ್ಲ ಬಡಿದು ನಾಲ್ಕು ಕಡೆಯಿಂದ ಬಂತು. ಮೂಗಿನಲ್ಲಿ ನೀರು ಹೊಕ್ಕು ತಲೆ ಚುರುಚುರು ಎಂದಿತು. ದಿನಕ್ಕೊಂದು ಬೆಂಡು ಕಡಿಮೆಯಾಗುತ್ತ ಬಂದು ಹನ್ನೊಂದನೆಯ ದಿನ ಬೆನ್ನು ಬರಿದಾಯಿತು. ಹಗ್ಗ ಸಡಿಲವಾಗಿ ನೀರಿನ ಮೇಲೆ ತೇಲುತ್ತಿತ್ತು, ನಾನೂ ತೇಲುತ್ತಿದ್ದೆ. ತಲೆಯ ಮೇಲೆ ಬಾವಿಯ ಬಾಯಷ್ಟು ಅಗಲದ ಆಕಾಶ. ಅದರ ಅಂಚಿನಲ್ಲಿ ಅಜ್ಜನ ರುಮಾಲು.

ಆ ಬಾವಿ ನನ್ನ ಹುಟ್ಟಿಗೆ ಮೊದಲಿನಿಂದಲೂ ಅಲ್ಲಿತ್ತು. ಧಾರವಾಡದಲ್ಲಿ ದಿನಾ ಸಂಜೆ ಯಾರ ಅಪ್ಪಣೆಯೂ ಇಲ್ಲದೆ ಹೋಗಿ ಕೂತ ರೂಢಿ ಇಲ್ಲದಿದ್ದರೆ ಅಜ್ಜನನ್ನು ಕೇಳುವ ಬಾಯಿ ನನಗೆ ಬರುತ್ತಿರಲಿಲ್ಲ. ಮುಂದಿನ ಬೇಸಿಗೆಗೆ ಓಣಿಯ ಇನ್ನೂ ಮೂವರು ಹುಡುಗಿಯರು ನಸುಕಿನಲ್ಲಿ ಬಂದು ಬಾವಿಯ ದಂಡೆಯಲ್ಲಿ ನಿಂತರು. ಅವರ ಮನೆಯವರಿಗೆ ಅಜ್ಜನೇ ಹೋಗಿ ಹೇಳಿಬಂದಿದ್ದ. ಕೆಲವರು ಬೈದರು. ಅಜ್ಜ ಹಗ್ಗ ಹೊಸೆಯುತ್ತ ಕೂತ. ಮೂರು ಹಗ್ಗ ಹೆಚ್ಚಿಗೆ ಬೇಕಾಗಿದ್ದವು.

ಓದು ಮುಗಿಸಿ ಧಾರವಾಡದಲ್ಲೇ ಶಿಕ್ಷಕಿಯಾದೆ. ಈಗ ಬೇಸಿಗೆಗೆ ಊರಿಂದ ನನ್ನ ಮನೆಗೆ ಬರುವವರು ಅಣ್ಣನ ಮಕ್ಕಳು. ಅವರಿಗಾಗಿ ಹುಡುಕುವ ಕೆಲಸ ನನ್ನದು. ಹುಡುಕಿದರೆ ಬೇಕಾದಷ್ಟಿದೆ. ಧಾರವಾಡ ರಂಗಾಯಣದ ಚಿಣ್ಣರ 	ಮೇಳದಲ್ಲಿ ಮಕ್ಕಳು ಮುಖವಾಡ ಮಾಡಿ, ಹಾಡಿ, ಕುಣಿದು, ಕಡೆಗೆ ತಾವೇ ನಾಟಕ ಆಡುತ್ತಾರೆ. 2012ರಲ್ಲಿ ತೆರೆದ ಪ್ರಾದೇಶಿಕ ವಿಜ್ಞಾನ ಕೇಂದ್ರದಲ್ಲಿ ಅಣ್ಣನ ಮಗ ಅರ್ಧ ದಿನ ಒಂದೇ ಕನ್ನಡಿಯ ಮುಂದೆ ನಿಂತಿದ್ದ. ಚಿಗರಿ ಬಸ್ಸು ಬಂದ ಮೇಲೆ ಹುಬ್ಬಳ್ಳಿಯ ಕಾರ್ಯಕ್ರಮಕ್ಕೆ ಹೋಗಿ ರಾತ್ರಿ ಊಟಕ್ಕೆ ಮರಳಬಹುದು. 1962ರಿಂದ ಒಂದೇ ಪಾಲಿಕೆಯಾಗಿದ್ದರೂ ನಮ್ಮ ಕಾಲದಲ್ಲಿ ಹುಬ್ಬಳ್ಳಿಯ ನಾಟಕಕ್ಕೆ ಹೋದರೆ ಕಡೆಯ ಬಸ್ಸಿನ ಚಿಂತೆಯಲ್ಲಿ ಅರ್ಧ ಆಟ ತಪ್ಪುತ್ತಿತ್ತು.

ಶುಲ್ಕದ ಬೇಸಿಗೆ ಶಿಬಿರಗಳೂ ಹೆಚ್ಚಿವೆ. ಹತ್ತು ದಿನದಲ್ಲಿ ಚಿತ್ರ, ನೃತ್ಯ, ಕರಾಟೆ, ಕೀಬೋರ್ಡು, ಕೊನೆಗೊಂದು ಪ್ರಮಾಣಪತ್ರ. ಕಲಿಸುವವರ ಶ್ರಮಕ್ಕೆ ಹಣ ಸಲ್ಲಲೇಬೇಕು. ನನ್ನ ಸಂಕಟ ಬೇರೆ. ಶಿಬಿರದ ಬಾಗಿಲಿಗೆ ಗಾಡಿಯಲ್ಲಿ ಇಳಿಸಿ, ಬಾಗಿಲಿಂದಲೇ ಕರೆದುಕೊಂಡು ಹೋಗುವ ಮಗುವಿಗೆ ಗೋಡೆ ಓದುವ ದಾರಿ ಸಿಕ್ಕುವುದಿಲ್ಲ. ಕಡೆಯ ಸಾಲಿನಿಂದ ನಡುವಿನ ಸಾಲಿಗೆ ತಾನಾಗಿ ಎದ್ದು ಹೋಗುವ ಒಂದು ದಿನ ಅದಕ್ಕೆ ಬೇಕು. ಹಣ ತರಲಾಗದ ಹಳ್ಳಿಯ ಮಗುವಿಗಂತೂ ಆ ಸೀಮೆಸುಣ್ಣದ ಸಾಲು ಇರಲೇಬೇಕು. ಈಗ ಆಮಂತ್ರಣಗಳು ಮೊಬೈಲಿಗೆ ಬರುತ್ತವೆ, ಯಾರ ನಂಬರು ಇದೆಯೋ ಅವರಿಗಷ್ಟೇ ಬರುತ್ತವೆ. ಆದ್ದರಿಂದ ನಾನು ಇವತ್ತಿಗೂ ಅಣ್ಣನ ಮಕ್ಕಳನ್ನು ನಡೆಸಿಕೊಂಡೇ ಹೋಗುತ್ತೇನೆ, ಬೋರ್ಡು ಕಂಡಲ್ಲಿ ನಿಲ್ಲಿಸಿ ಗಟ್ಟಿಯಾಗಿ ಓದಿಸುತ್ತೇನೆ.

2019ರ ಮೇ ತಿಂಗಳಲ್ಲಿ ಅವ್ವ ಮೊಣಕಾಲಿನ ಔಷಧಕ್ಕೆಂದು ನನ್ನ ಹತ್ತಿರ ಬಂದಿದ್ದಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಎಮ್ಮೆಗಳನ್ನು ಮಾರಿಯಾಗಿತ್ತು. ಒಂದು ಸಂಜೆ ವಿದ್ಯಾವರ್ಧಕ ಸಂಘದಲ್ಲಿ ಹವ್ಯಾಸಿಗಳ ನಾಟಕ. “ನಡಿಯವಾ, ನೋಡಿ ಬರೂಣು” ಎಂದೆ. “ನನಗೇನ್ ಕೆಲಸ ಅಲ್ಲೆ?” ಎಂದಳು. “ಏನೂ ಕೆಲಸಿಲ್ಲ. ಹೋಗಿ ಕುಂದರೂದು” ಎಂದೆ. ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಎದ್ದು, ಪೆಟ್ಟಿಗೆಯಿಂದ ಜಾತ್ರೆಗೆ ಉಡುವ ಸೀರೆ ತೆಗೆದಳು.

ಮೆಟ್ಟಿಲು ಹತ್ತಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ನಾನು ಹಿಂದಿನ ಸಾಲಿನಲ್ಲೇ ಕೂಡಿಸಲು ನೋಡಿದೆ. ಅವಳು ನನ್ನ ಕೈ ಬಿಡಿಸಿಕೊಂಡು ಕುರ್ಚಿಗಳ ಬೆನ್ನು ಹಿಡಿಯುತ್ತ ಹಿಡಿಯುತ್ತ ಮುಂದೆ ನಡೆದು ಎರಡನೆಯ ಸಾಲಿನಲ್ಲಿ ಕೂತಳು. ದೀಪ ಆರಿದಾಗ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. ಒಂದೂವರೆ ತಾಸಿನ ನಾಟಕ. ನಾನು ವೇದಿಕೆಗಿಂತ ಹೆಚ್ಚು ಅವಳ ಕೈಗಳನ್ನು ನೋಡಿದೆ. ರೊಟ್ಟಿ ಬಡಿದು ಬಡಿದು ಅಗಲವಾದ ಆ ಅಂಗೈಗಳು ಮಡಿಲಲ್ಲಿ ಮೇಲ್ಮುಖವಾಗಿ ಬಿಚ್ಚಿಕೊಂಡು ಸುಮ್ಮನೆ ಇದ್ದವು.

ದೀಪ ಹತ್ತಿತು. ಕಲಾವಿದರು ಬಂದು ಕೈ ಮುಗಿದರು, ಜನ ಎದ್ದರು. ಅವ್ವ ಏಳಲಿಲ್ಲ.

“ಮುಗೀತೇನು?” ಎಂದಳು.

“ಹೂಂನವಾ, ಮುಗೀತು.”

“ನಮ್ಮೂರಾಗ ಬೆಳತನಾ ಇರತಿತ್ತು” ಎಂದಳು. ವೇದಿಕೆಯ ಮೇಲೆ ಹುಡುಗರು ಪರದೆ ಬಿಚ್ಚುತ್ತಿದ್ದುದನ್ನು ನೋಡುತ್ತ ಇನ್ನೂ ಒಂದಿಷ್ಟು ಹೊತ್ತು ಕೂತಳು. ಆಮೇಲೆ ನನ್ನ ಹೆಗಲ ಮೇಲೆ ಕೈ ಊರಿ ಎದ್ದು ಹೇಳಿದಳು: “ಬರೂಮುಂದ ಬಾಗಲದಾಗ ಹಲಗಿ ಇತ್ತಲ್ಲ, ಅದರ ಮ್ಯಾಲ ನಾಳೆ ಏನೈತಿ ಓದಿ ಹೇಳು.”